ಮಹಾಂತಪ್ಪ ಹಚ್ಚಿದ ಹಸಿರು ಬಣ್ಣ

ಮಹಾಂತಪ್ಪನಿಗೆ ಎರಡು ಸಂಗತಿ ಕಂಡರೆ ಆಗುತ್ತಿರಲಿಲ್ಲ. ಒಂದು ತುಕ್ಕು, ಇನ್ನೊಂದು ಚಪ್ಪಲಿ ಹಾಕಿಕೊಂಡು ಯಂತ್ರದ ಮುಂದೆ ನಿಲ್ಲುವ ಮೇಷ್ಟ್ರು. ನಾನು ಚಪ್ಪಲಿಯವನು. ಕೆಲಸಕ್ಕೆ ಸೇರಿದ ಮೊದಲ ದಿನವೇ, "ಸರ, ಬೂಟ ಹಾಕ್ಕೊಂಡ ಬರ್ರಿ, ಇಲ್ಲಾಂದ್ರ ಮಿಷನ್ ಸುತ್ತ ಎಳದಿರೋ ಗೆರಿ ಆಚಿಕಡೆ ನಿಂದರ್ರಿ" ಎಂದು ಹುಡುಗರೆದುರೇ ನನ್ನ ಮಾನ ಕಳೆದಿದ್ದ.

ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ತೆರೆದಾಗ ಬೋರ್ಡು ಕಟ್ಟಡಕ್ಕಿಂತ ದೊಡ್ಡದಿತ್ತು. ನಾನು ಅಲ್ಲಿ ಮೆಕ್ಯಾನಿಕಲ್ ವಿಭಾಗದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಗೊತ್ತಲ್ಲ, ಪ್ರತಿ ಜೂನ್‌ನಲ್ಲಿ ಮನೆಯವರು ಬಾಗಿಲು ತೆರೆದರೆ ಒಳಗೆ, ಇಲ್ಲದಿದ್ದರೆ ಬೀದಿಯಲ್ಲಿ. ಮಹಾಂತಪ್ಪ ವರ್ಕ್‌ಶಾಪಿನ ಸಹಾಯಕ. ಬೈಲಹೊಂಗಲದ ಕಡೆಯವನು. ಇಪ್ಪತ್ತರ ವಯಸ್ಸಿಗೆ ದಾಂಡೇಲಿಗೆ ಬಂದು, ಪೇಪರ್ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನನ್ನು ಗುತ್ತಿಗೆಯ ಮೇಲೆ ಕರೆತಂದಿದ್ದರು. ಕಾಗದದ ಪ್ರಕಾರ ಅವನ ಕೆಲಸ ಕಸ ಗುಡಿಸಿ ಬೀಗ ಹಾಕುವುದು. ನಿಜದಲ್ಲಿ ನಮ್ಮ ಹುಡುಗರಿಗೆ ಬಂದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅವನದು.

ಆ ಹುಡುಗರಲ್ಲಿ ಅವನ ಜೀವ ಜೆನಿಫರ್. ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಹುಡುಗಿ, ಮೂರನೇ ವರ್ಷದಲ್ಲಿದ್ದಳು. ತಾಯಿ ಕಾತರಿನಾ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಮಗಳನ್ನು ಇಲ್ಲಿವರೆಗೆ ತಂದಿದ್ದಳು. ಜೆನಿಫರ್ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತರೆ ಊಟದ ಗಂಟೆಯೂ ಕೇಳಿಸುತ್ತಿರಲಿಲ್ಲ. "ನಲವತ್ತ ವರ್ಷದಾಗ ಇಂಥಾ ಕೈ ನೋಡಿಲ್ರಿ ಸರ" ಎಂದು ಮಹಾಂತಪ್ಪ ಅವಳಿಗೆ ಕೇಳಿಸದಂತೆ ಹೇಳುತ್ತಿದ್ದ.

ಆದರೆ ಯಂತ್ರಗಳು? ಬೇರೆಲ್ಲೋ ತೆಗೆದುಹಾಕಿದ್ದ ಮೂರು ಮುದಿ ಲೇತುಗಳನ್ನು ನಮ್ಮ ಕೊರಳಿಗೆ ಕಟ್ಟಿದ್ದರು. ಒಂದು ಸುತ್ತುವಾಗ ನಡುಗುತ್ತಿತ್ತು, ಇನ್ನೊಂದು ನಡುನಡುವೆ ನಿಲ್ಲುತ್ತಿತ್ತು, ಮೂರನೆಯದು ಮೂರು ವರ್ಷದಿಂದ ಸುತ್ತಿರಲೇ ಇಲ್ಲ. ಹೊಸ ಯಂತ್ರ ಬರದಿದ್ದರೆ ವಿಭಾಗದ ಮಾನ್ಯತೆ ಹೋಗುತ್ತದೆಂದು ಪತ್ರ ಬಂದಿತ್ತು. ಹಿಂದುಳಿದ ತಾಲೂಕುಗಳ ಕೇಂದ್ರಗಳಿಗೆಂದು ಅನುದಾನವೊಂದಿದೆ ಎಂದು ಕೇಳಿ ನಾನೇ ಅರ್ಜಿ ಬರೆದೆ. ಯಂತ್ರಗಳ ಸ್ಥಿತಿ ಕಣ್ಣಾರೆ ನೋಡಲು ಸಮಿತಿ ಬರುವುದೆಂದು ಉತ್ತರ ಬಂತು.

ಮಹಾಂತಪ್ಪನಿಗೆ ನಾನು ಹೇಳಿದ್ದು ಇಷ್ಟೇ: "ಸೋಮವಾರ ಇನ್‌ಸ್ಪೆಕ್ಷನ್ ಐತಿ, ತಯಾರಿರು." ಯಾತಕ್ಕೆ ಬರುತ್ತಾರೆಂದು ಹೇಳಲಿಲ್ಲ. ಕಸ ಗುಡಿಸುವವನಿಗೆ ಅನುದಾನದ ಪುರಾಣ ಯಾಕೆ ಎಂಬ ಸೊಕ್ಕು ನನಗಿತ್ತು.

ಮಿಲ್ಲಿನಲ್ಲಿ ಇನ್‌ಸ್ಪೆಕ್ಷನ್ ಎಂದರೆ ಹಬ್ಬ. ಮುನ್ನಾ ವಾರ ಪ್ರತಿ ಫಿಟ್ಟರ್ ತನ್ನ ಯಂತ್ರ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ, ಹಸಿರು ಬಣ್ಣ ಹೊಡೆಯಬೇಕು. ಸಾಹೇಬರ ಬಿಳಿ ಕರವಸ್ತ್ರಕ್ಕೆ ಕರೆ ಹತ್ತಿದರೆ ಅವನ ಮರ್ಯಾದೆ ಮಣ್ಣುಪಾಲು. ಮಹಾಂತಪ್ಪ ಮೂವತ್ತೆಂಟು ವರ್ಷ ಮಾಡಿದ್ದನ್ನೇ ಮಾಡಿದ. ಶನಿವಾರ, ಭಾನುವಾರ ಜೆನಿಫರಳನ್ನೂ ಕರೆಸಿಕೊಂಡು, ಮನೆಯಿಂದ ಹೆಂಡತಿ ಸಕ್ಕುಬಾಯಿ ಕಟ್ಟಿಕೊಟ್ಟ ರೊಟ್ಟಿ ತಿಂದು, ಎಲ್ಲಕ್ಕೂ ಎರಡು ಕೈ ಬಣ್ಣ ಬಳಿದ.

ಸೋಮವಾರ ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತೆ. ಮೂರೂ ಲೇತುಗಳು ಮದುಮಕ್ಕಳ ಹಾಗೆ ನಿಂತಿದ್ದವು. ಹೊರಗೆ ಥಳುಕು, ಒಳಗೆ ಹುಳುಕು. ಅಷ್ಟರಲ್ಲಿ ಸಮಿತಿಯ ಕಾರು ಗೇಟಿನೊಳಗೆ ಬಂದಾಗಿತ್ತು.

"ಒಂದು ಕೆಲಸ ಮಾಡಿ ತೋರಿಸಿ" ಎಂದರು ಸಮಿತಿಯ ಹಿರಿಯರು. ಮಹಾಂತಪ್ಪ ನಡುಗುವ ಲೇತಿನ ಮುಂದೆ ನಿಂತ. ಅದು ಎಲ್ಲಿ ನಡುಗುತ್ತದೆ, ಎಷ್ಟು ನಡುಗುತ್ತದೆ ಅವನ ಅಂಗೈಗೆ ಗೊತ್ತಿತ್ತು. ತಗಡಿನ ಚೂರೊಂದನ್ನು ಸಂದಿಗೆ ತುರುಕಿ, ಉಸಿರು ಬಿಗಿಹಿಡಿದು, ಸರಳೊಂದನ್ನು ಕೂದಲೆಳೆಯೂ ತಪ್ಪದಂತೆ ಕಡೆದು ಕೊಟ್ಟ. ಹಿರಿಯರು ಅಳತೆ ಹಿಡಿದು ನೋಡಿ ಅವನ ಬೆನ್ನು ತಟ್ಟಿದರು; ಉಳಿದೆರಡನ್ನು ಓಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ನಮ್ಮ ಕೇಂದ್ರದ ವಿಶೇಷಾಧಿಕಾರಿ ಹಲ್ಲು ಕಿರಿದರು. ಆಗಲಾದರೂ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ.

ಆರು ವಾರದ ನಂತರ ಆದೇಶ ಬಂತು. ಇರುವ ಯಂತ್ರಗಳು ಉತ್ತಮ ಸ್ಥಿತಿಯಲ್ಲಿವೆ, ಅನುದಾನದ ಅಗತ್ಯ ಕಂಡುಬಂದಿಲ್ಲ. ಅದರ ಹಿಂದೆಯೇ ಇನ್ನೊಂದು ಕಚೇರಿಯಿಂದ ಇನ್ನೊಂದು ಆದೇಶ: ಹೊಸ ಯಂತ್ರಗಳಿಲ್ಲದ ಕಾರಣ ಮಾನ್ಯತೆ ರದ್ದು. ವಿದ್ಯಾರ್ಥಿಗಳು ಒಂದು ತಿಂಗಳೊಳಗೆ ಮುಖ್ಯ ಕ್ಯಾಂಪಸ್ಸಿಗೆ ಹೋಗಿ ಸೇರಬೇಕು, ತಪ್ಪಿದರೆ ಸೀಟಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಅವರನ್ನು ಬೈದು ಏನು ಪ್ರಯೋಜನ?

ಮಹಾಂತಪ್ಪನಿಗೆ ಎರಡನ್ನೂ ಓದಿ ಹೇಳಿದೆ.

"ಹಂಗಾರ ನಾ ಹೊಲಸ ಇಟ್ಟಿದ್ರ ಮಿಷನ್ ಬರ್ತಿದ್ವೇನ್ರಿ ಸರ?"

"ಬರ್ತಿದ್ವು" ಎಂದೆ.

"ಮೊದಲ ಹೇಳಬಾರದೇನ್ರಿ?" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ನನ್ನೆದುರು ಕೂತು ಸಮಿತಿಗೆ ಪತ್ರ ಬರೆಸಿದ: ಯಂತ್ರಗಳು ಕೆಟ್ಟಿವೆ, ಬಣ್ಣ ಹಚ್ಚಿ ಮುಚ್ಚಿದವನು ನಾನು, ಸಾಹೇಬರು ಇನ್ನೊಮ್ಮೆ ಬಂದು ಹುಡುಗರ ಕೈಯಲ್ಲಿ ಓಡಿಸಿ ನೋಡಬೇಕು, ತಪ್ಪು ನನ್ನದು, ಶಿಕ್ಷೆ ಮಕ್ಕಳಿಗೆ ಬೇಡ. ಕೆಳಗೆ ತನ್ನ ಹೆಸರನ್ನು ಒತ್ತಿ ಒತ್ತಿ ಬರೆದ.

ಆ ಪತ್ರವನ್ನು ನಾನು ಕಳಿಸಲಿಲ್ಲ. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ. ಪತ್ರ ಹೋದರೆ, ಅವನು ಬಣ್ಣ ಬಳಿಯುವಾಗ ಮೇಷ್ಟ್ರು ಏನು ಮಾಡುತ್ತಿದ್ದ ಎಂದು ಕೇಳುತ್ತಿದ್ದರು. ಜೂನ್ ಹತ್ತಿರ ಬಂದಿತ್ತು. ಬೇರೆ ವಿಭಾಗಕ್ಕೆ ಗಣಿತ ಹೇಳುವ ಕೆಲಸಕ್ಕೆ ನನ್ನ ಹೆಸರು ಹೋಗಿತ್ತು. ಪತ್ರವನ್ನು ಡ್ರಾಯರಿಗೆ ಹಾಕಿ, ಅವನಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಹಾಕಿದ್ದೇನೆಂದೆ. ಅವನು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ನನಗೆ ಕೆಲಸ ಸಿಕ್ಕಿತು. ಅವನನ್ನು ಬಿಡಿಸಿದರು.

ಮರುವರ್ಷ ದಾಂಡೇಲಿಯ ಹೊರಗಿನ ರಿಸಾರ್ಟೊಂದರಲ್ಲಿ ಎರಡು ದಿನದ ಕಾರ್ಯಾಗಾರ. ಪ್ರಾದೇಶಿಕ ತಾಂತ್ರಿಕ ವಿಶ್ವವಿದ್ಯಾಲಯಗಳ ಅಭಿವೃದ್ಧಿಯೇ ವಿಷಯ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಅನ್ನ ಬಡಿಸಿದವಳು ಜೆನಿಫರ್.

"ಮುಖ್ಯ ಕ್ಯಾಂಪಸ್ಸಿಗೆ ಹೋಗ್ಲಿಲ್ಲೇನು ನೀನು?" ಎಂದೆ.

"ಹಾಸ್ಟೆಲ್ ಸೀಟ ಸಿಕ್ಕಿತ್ರಿ ಸರ. ಪೆಟ್ಟಿಗೀನೂ ಕಟ್ಟಿದ್ದೆ. ಮಹಾಂತಪ್ಪ ಕಾಕಾ ಮನೀತನಕ ಬಂದ್ರು. ಹೋಗಬ್ಯಾಡ ತಂಗಿ, ಸರ ಪತ್ರ ಹಾಕ್ಯಾರ, ಸಾಹೇಬ್ರು ಮತ್ತ ಬರ್ತಾರ, ಇಲ್ಲೇ ಚಾಲೂ ಆಗ್ತೈತಿ ಅಂದ್ರು. ಅವ್ವನ್ನ ಒಬ್ಬಾಕಿನ್ನ ಬಿಟ್ಟು ಹೋಗೂದು ನನಗೂ ಬ್ಯಾಡಾಗಿತ್ರಿ. ನಿಂತೆ. ತಿಂಗಳ ಮುಗದು ಸೀಟ ಹೋತು."

ಪಕ್ಕದ ಮೇಜಿನವರು ಸಾರು ಕೇಳಿದರು. ಅವಳು ಬಕೆಟ್ ಎತ್ತಿಕೊಂಡವಳು ಮತ್ತೆ ನನ್ನ ಕಡೆ ಬಗ್ಗಿದಳು.

"ಕಾಕಾ ಇನ್ನೂ ದಾರಿ ನೋಡಾಕತ್ತಾರ್ರಿ. ಪತ್ರಕ್ಕ ಉತ್ತರ ಏನರ ಬಂತೇನ್ರಿ ಸರ?"

"ಇನ್ನೂ ಬಂದಿಲ್ಲ" ಎಂದೆ.