ಬೀದರಿನ ಒಂದೇ ಆಟ

ಔರಾದಿನ ಬಸ್ ನಿಲ್ದಾಣಕ್ಕೆ ನಾನು ಹೋಗುವಷ್ಟರಲ್ಲಿ ನಮ್ಮ ಓಣಿಯ ಸೋನಾಬಾಯಿ ಹೊಸ ಇಳಕಲ್ ಸೀರೆಯುಟ್ಟು ಬಂದು ಕೂತಿದ್ದರು. ಹೋದ ವರ್ಷ ನಮ್ಮೂರಲ್ಲಿ ತೆಗೆದ ಕಲಾತ್ಮಕ ಚಿತ್ರವೊಂದರಲ್ಲಿ ಅವರದು ಅಜ್ಜಿಯ ಪಾತ್ರ. ಪರದೆಯ ಮೇಲೆ ತಮ್ಮನ್ನು ತಾವು ಇನ್ನೂ ಕಂಡಿರಲಿಲ್ಲ. ಇಡೀ ಜಿಲ್ಲೆಗೆ ಬೀದರಿನಲ್ಲಿ ಒಂದೇ ಆಟ, ಭಾನುವಾರ ಬೆಳಿಗ್ಗೆ. ನಮ್ಮ ಕಡೆ ಒಳ್ಳೆಯ ಸಿನಿಮಾ ಬರುವುದೇ ಇಲ್ಲ ಎಂದು ಗೊಣಗಿ, ನಿರ್ದೇಶಕರಿಗೆ ದುಂಬಾಲು ಬಿದ್ದು ಅದನ್ನು ತರಿಸಿದವನು ನಾನು. ಐವತ್ತು ಮಂದಿಯನ್ನು ಕೂಡಿಸುತ್ತೇನೆಂದು ಎದೆ ತಟ್ಟಿ ಹೇಳಿದ್ದೆ.

ಬಸ್ಸಿನಲ್ಲಿ ಅವರಿಗೆ ಉಚಿತ, ನನಗೆ ಟಿಕೆಟ್. ಸಂತಪುರ ದಾಟಿದ ಮೇಲೂ ಎರಡೂ ಬದಿ ತೊಗರಿ ಹೊಲ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

"ನಾ ಅಳೋದು ಇಟ್ಟಾರೋ, ಕತ್ತರಿಸ್ಯಾರೋ?" ಸೋನಾಬಾಯಿ ಜನವಾಡದ ಹತ್ತಿರ ಕೇಳಿದರು.

"ಇಟ್ಟಾರಂತ್ರಿ. ಇನ್ನೇನು ನೋಡೇ ನೋಡ್ತೀರಿ," ಎಂದೆ.

ಬೀದರಿನಲ್ಲಿ ಚುರುಮುರಿ ಸುಸಲಾ, ಮಿರ್ಚಿ ತಿಂದು ಥಿಯೇಟರಿಗೆ ಹೋದರೆ ನಾವಿಬ್ಬರೇ. ಮ್ಯಾನೇಜರ್ ಕೈ ಮುಗಿದ. "ಹದಿನೈದು ಮಂದಿ ಇಲ್ಲಂದ್ರ ಚಾಲೂ ಮಾಡಲ್ರಿ ಸಾಬ್. ನಮ್ಮದೂ ಮಜಬೂರಿ ಅದ."

ಭಾಲ್ಕಿಯಿಂದ ಗೆಳೆಯರನ್ನು ಕರೆತರುತ್ತೇನೆಂದಿದ್ದ ಮೇಷ್ಟರಿಗೆ ಫೋನ್ ಮಾಡಿದೆ. "ದಾರ್ಯಾಗೇ ಇದ್ದೇವ್ರಿ, ಬಂದೇ ಬಿಟ್ಟೇವಿ," ಎಂದರು. ಅವರ ಹಿಂದೆ ಕುಕ್ಕರ್ ಸೀಟಿ ಹೊಡೆಯಿತು. ನಮ್ಮ ಕಡೆ, ಬರುವುದಿಲ್ಲ ಎಂದು ಮುಖಕ್ಕೆ ಹೇಳುವುದು ಅಪಮಾನ. "ಬರ್ತೇವ್ರಿ" ಎಂದರೆ ನೀವು ಕರೆದದ್ದು ಸಂತೋಷ ಎಂದಷ್ಟೇ. ಹುಟ್ಟಿದಾಗಿನಿಂದ ಇದು ಗೊತ್ತಿದ್ದೂ, ನಾನು ಆ ಮಾತುಗಳನ್ನೇ ತಲೆ ಎಣಿಕೆ ಎಂದು ನಂಬಿ ಕೂತಿದ್ದೆ. ಕುಕ್ಕರ್ ಸದ್ದು ಕೇಳಿದ ಮೇಲೂ ಕಾದೆ. ಕೊನೆಗೆ ಉಳಿದ ಟಿಕೆಟ್ ನಾನೇ ಕೊಳ್ಳುತ್ತೇನೆಂದು ಹೋದಾಗ, ಆ ಪರದೆಯ ಮೇಲೆ ಬೇರೊಂದು ಹೊಡೆದಾಟದ ಸಿನಿಮಾ ಶುರುವಾಗಿತ್ತು.

"ಹೋಗಲಿ ಬಿಡ್ರಿ," ಎಂದರು ಸೋನಾಬಾಯಿ. ಗೋಡೆಯ ಪೋಸ್ಟರಿನ ಮೂಲೆಯಲ್ಲಿ ಅವರಿಗೆ ತಮ್ಮ ಮುಖ ಕಂಡಿತು. ಅದರ ಮೇಲೆ ಒಮ್ಮೆ ಕೈಯಾಡಿಸಿ ಹೊರಟರು.

ವಾಪಸ್ ಬಸ್ಸಿನಲ್ಲಿ ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ನಾಚಿಕೆಯಿಂದ ಕಿಟಕಿ ಕಡೆ ತಿರುಗಿ ಕೂತೆ. ಔರಾದಿನಲ್ಲಿ ಇಳಿದರೆ ಓಣಿಯವರು ಎದುರಾದರು. ಅವರೂ ಬರ್ತೇವೆ ಎಂದವರೇ.

"ಹ್ಯಾಂಗ ಆಯ್ತ್ರಿ ಪಿಚ್ಚರ್? ಮಂದಿ ಬಂದಿದ್ರೇನು?"

ಸೋನಾಬಾಯಿ ಸೆರಗು ಸರಿ ಮಾಡಿಕೊಂಡು ಹೇಳಿದರು: "ಏನ್ ಕೇಳ್ತೀರಿ, ಭಾಳ ಮಂದಿರಿ. ನಮಗೇ ಜಾಗಾ ಸಿಗಲಿಲ್ಲ."

ಅವರೆಲ್ಲ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.