ಮೇಸ್ತ್ರಿಯ ಸೊಂಟದ ಅಳತೆ

ಬಾಳೂರಿನ ಎಸ್ಟೇಟಿನಲ್ಲಿ ನಾನು ಕಾಫಿ ಹಣ್ಣು ಕೊಯ್ಯುತ್ತಿದ್ದಾಗ, ಸಂಜೆ ಎಲ್ಲರೂ ಮೂಟೆ ಹೊತ್ತು ಕಣಕ್ಕೆ ಬರಬೇಕಿತ್ತು. ಮೇಸ್ತ್ರಿ ಒಂದೊಂದೇ ಮೂಟೆ ತೂಗಿ ತೂಕವನ್ನು ಗಟ್ಟಿಯಾಗಿ ಕೂಗುತ್ತಿದ್ದ. ನನ್ನ ಸರದಿ ಬಂದರೆ ಅವನಿಗೆ ಹಬ್ಬ.

“ಹತ್ತು ಮಾರಾಯ್ತಿ, ನಿನ್ನನ್ನೂ ತೂಗಿಬಿಡಾಣ” ಎಂದು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದ. “ನೋಡ್ರೇ, ಎರಡು ಮೂಟೆ ಹಣ್ಣಿಗೆ ಸಮ ಇದಾಳೆ!”

ಕಣಕ್ಕೆ ಕಣವೇ ನಗುತ್ತಿತ್ತು. ಕೆಲಸ ಹೋದೀತೆಂದು ನಾನೂ ಹಲ್ಲು ಕಿರಿಯುತ್ತಿದ್ದೆ. ಒಂದು ದಿನ ಅಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ ನನ್ನ ಆರು ವರ್ಷದ ಮಗಳು, ಮನೆಗೆ ಬಂದವಳೇ “ಇನ್ಮೇಲೆ ನೀನು ಊಟ ಮಾಡ್ಬೇಡಮ್ಮ” ಎಂದಳು. ಈ ಮೇಸ್ತ್ರಿಗೆ ಒಂದು ದಿನ ಬುದ್ಧಿ ಕಲಿಸುತ್ತೇನೆ ಎಂದು ಅವತ್ತೇ ಅಂದುಕೊಂಡೆ.

ಆಮೇಲೆ ನಾನು ಆಶಾ ಕಾರ್ಯಕರ್ತೆಯಾದೆ. ತರಬೇತಿಯಲ್ಲಿ ಒಂದು ಟೇಪು ಕೊಟ್ಟು, ಮೂವತ್ತು ದಾಟಿದವರ ಸೊಂಟ ಅಳೆದು ಫಾರಂ ತುಂಬಿಸಿ ಎಂದರು. ತೂಕ ಬೇಡವೇ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೊಬ್ಬೆಲ್ಲ ಒಂದೇ ಅಲ್ಲವಂತೆ. ತೊಡೆಯ ಚರ್ಮದಡಿ ಕೂರುವ ಕೊಬ್ಬು ಅಷ್ಟಾಗಿ ಯಾರ ತಂಟೆಗೂ ಹೋಗುವುದಿಲ್ಲ. ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುವುದೇ ಕಿಡಿಗೇಡಿ. ಅಲ್ಲಿನ ಕೊಬ್ಬಿನ ಕೋಶಗಳು ಉಬ್ಬಿ ಉರಿಯೂತ ಎಬ್ಬಿಸುತ್ತವೆ. ಆಗ ಇನ್ಸುಲಿನ್ ಎಷ್ಟಿದ್ದರೂ ದೇಹ ಅದರ ಮಾತು ಕೇಳುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮುಂದೆ ಬಂದವರನ್ನು ಬಿಡಬೇಡಿ ಎಂದರು. ನನ್ನ ಕಣ್ಣ ಮುಂದೆ ಮೇಸ್ತ್ರಿಯೇ ಬಂದು ನಿಂತ. ನನ್ನ ಶುಗರನ್ನೂ ಅವತ್ತು ನೋಡಿದರು, ಸರಿಯಾಗಿಯೇ ಇತ್ತು.

ಯಾರ ಅಳತೆಯನ್ನೂ ಬೇರೆಯವರಿಗೆ ಹೇಳಬಾರದು ಎಂದೂ ಕಲಿಸಿದ್ದರು. ಅದು ಚೆನ್ನಾಗಿ ನೆನಪಿದ್ದೂ, ಹೋದ ಕೊಯ್ಲಿನಲ್ಲಿ ತೂಕದ ಹೊತ್ತಿಗೆ ಸರಿಯಾಗಿ ಕಣಕ್ಕೆ ಹೋದೆ.

“ಅಂಗಿ ಎತ್ತಿ ಮೇಸ್ತ್ರಿಯವ್ರೆ.”

ಅವನು ಹೊಟ್ಟೆಯನ್ನು ಒಳಗೆಳೆದುಕೊಂಡ.

“ಉಸ್ರು ಬಿಡಿ. ಟೇಪಿಗೆ ಮೋಸ ಮಾಡಕ್ಕಾಗಲ್ಲ.”

ಹೊಟ್ಟೆ ಹೊರಗೆ ಬಂತು. “ನೂರಾ ಆರು ಸೆಂಟಿಮೀಟರ್!” ಎಂದು ಅವನ ಧಾಟಿಯಲ್ಲೇ ಕೂಗಿದೆ. ಹೆಂಗಸರೆಲ್ಲ ನಕ್ಕರು. ಬೆರಳು ಚುಚ್ಚಿ ನೋಡಿದರೆ ಶುಗರ್ ಮುನ್ನೂರರ ಹತ್ತಿರ. ಅದನ್ನೂ ಕೂಗಿದೆ. ಅವನ ಮುಖ ಬಾಡಿಹೋಯಿತು.

“ಮೆಲ್ಲಗೆ ಹೇಳೇ ಮಾರಾಯ್ತಿ. ಮೊಮ್ಮಗಳು ಇಲ್ಲೇ ಇದಾಳೆ.”

“ಅವತ್ತು ನನ್ ಮಗ್ಳೂ ಇಲ್ಲೇ ಇದ್ಲು” ಎಂದೆ.

ಪಾಪ ಅನ್ನಿಸಲಿಲ್ಲ. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ, ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಹೇಳಿದೆ. ಕೆಲಸದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮುಂದಿನ ಸಲದ ಅಳತೆಯನ್ನು ಮನೆಯೊಳಗೇ ಮಾಡು ಎಂದು ಹೇಳಿಕಳಿಸಿದ್ದಾನೆ. ನಾನು ಕಣಕ್ಕೇ ಹೋಗುತ್ತೇನೆ.