ಬೆಳಕಿಗೆ ಹಿಡಿದ ಕಾಗದ

ಮೇಡಂ ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಭೂತಗನ್ನಡಿಗೆ ಒತ್ತಿ, ಸ್ಪೇನಿನ ಹಳೆಯ ಪತ್ರಗಳನ್ನು ಓದಿದ್ದರ ಫಲ. ಉಡುಪಿಯಿಂದ ಬಂದು ಮಾಟುಂಗದಲ್ಲಿ ಹೋಟೆಲ್ ಇಟ್ಟವರ ಮಗಳು ಅವರು. "ಐನೂರು ವರ್ಷ ಹಿಂದಿನ ಸ್ಪ್ಯಾನಿಷ್ ಯಾರಿಗೆ ಬೇಕು?" ಎಂದು ನೆಂಟರು ಕೇಳಿದರೆ, "ನಿಮಗೆ ಬೇಡ ಅಲ್ವಾ, ನಂಗಿರ್ಲಿ" ಎನ್ನುತ್ತಿದ್ದರು.

ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಅವರು ಮಹಾ ಮುಂಗೋಪಿ. ವಿಕ್ರೋಳಿಯಲ್ಲಿ ಲೋಕಲ್ ರೈಲು ಹತ್ತುವಾಗಲೇ ಅವರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಕಾಗದವನ್ನು ಬೆಳಕಿಗೆ ಹಿಡಿಯದೆ ಒಂದಕ್ಷರವನ್ನೂ ನಂಬಬೇಡ ಎಂಬುದು ಅವರ ಮೊದಲ ಪಾಠ.

ಅವರ ಹೆಸರು ನಿಂತದ್ದು ಒಬ್ಬ ನಾವಿಕನ ಪತ್ರದ ಮೇಲೆ. ಸ್ಪೇನಿನ ಆಡುಮಾತು ಪಂಡಿತರು ಹೇಳುವುದಕ್ಕಿಂತ ನೂರು ವರ್ಷ ಮೊದಲೇ ಬದಲಾಗಿತ್ತೆಂದು ಅದರಿಂದ ತೋರಿಸಿದ್ದರು. ಆ ಕಾಲಕ್ಕೆ ಅವರಿಗೆ ಸಿಕ್ಕಿದ್ದು ಪತ್ರದ ಜೆರಾಕ್ಸ್ ಮಾತ್ರ. ಅದನ್ನು ಕುರಿತ ಅವರ ಪುಸ್ತಕದ ಹೊಸ ಆವೃತ್ತಿಗೆ ಪತ್ರದ ಫೋಟೊ ತರಿಸುವ ಕೆಲಸ ನನ್ನದಾಯಿತು. ಬಂದ ಫೋಟೊವನ್ನು ಎರಡೆರಡು ಸಲ ನೋಡಿದೆ. ಹಿಂದಿನಿಂದ ಬೆಳಕು ಬಿಟ್ಟು ತೆಗೆದದ್ದರಿಂದ ಕಾಗದದೊಳಗೆ ಅದನ್ನು ತಯಾರಿಸಿದವರ ಗುರುತು ಎದ್ದು ಕಾಣುತ್ತಿತ್ತು. ಆ ಗುರುತು ಬಳಕೆಗೆ ಬಂದದ್ದೇ ನಾವಿಕ ಸತ್ತು ನೂರು ವರ್ಷದ ಮೇಲೆ. ಅಂದರೆ ಪತ್ರ ಮೂಲವಲ್ಲ, ಆಮೇಲೆ ಯಾರೋ ತಮ್ಮ ಕಾಲದ ಮಾತಿನಲ್ಲಿ ಮಾಡಿಕೊಂಡ ನಕಲು. ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗಬೇಕು. ನನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದವರೂ ಅವರೇ.

ಗುರುವಾರ ಅವರ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಫೋಟೊ ಮುಂದಿಟ್ಟೆ. ಕಾಫಿ ಪಕ್ಕಕ್ಕೆ ಸರಿಸಿ ಬಹಳ ಹೊತ್ತು ನೋಡಿದರು. ಭೂತಗನ್ನಡಿಯನ್ನು ಆ ಗುರುತಿನ ಮೇಲೇ ಹಿಡಿದಿದ್ದರು.

"ಯಾವಾಗ ಬಂತು ಇದು?"

"ಮಂಗಳವಾರ, ಮೇಡಂ."

"ಎರಡು ದಿನ ಬಾಯಿ ಮುಚ್ಚಿ ಕೂತದ್ದಾ? ನಂಗೆ ಹೆದರಿ?"

ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ನಾನು ನಿಂಗೆ ಎಂತ ಕಲಿಸಿದ್ದು ಮಾರಾಯ್ತಿ?"

ಅಷ್ಟೇ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದಲೇ ಪ್ರಕಾಶಕರಿಗೆ ಫೋನ್ ಮಾಡಿ, "ಅಚ್ಚು ನಿಲ್ಲಿಸಿ, ತಪ್ಪು ನನ್ನದು" ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ತಣ್ಣಗಾದ ಕಾಫಿಯನ್ನೇ ಕುಡಿದರು.

ಆ ಪತ್ರದ ಅಧ್ಯಾಯವನ್ನು ಹೊಸದಾಗಿ ಬರೆಯಲು ಕೂತವರು ಮುಗಿಸುವ ಮೊದಲೇ ತೀರಿಕೊಂಡರು. ಅರ್ಧ ಬರೆದ ಹಾಳೆಗಳು ನನ್ನ ಬಳಿ ಇವೆ. ಮೊದಲ ಸಾಲಿನಲ್ಲಿ ಅವರ ತಪ್ಪು, ಎರಡನೆಯದರಲ್ಲಿ ಅದನ್ನು ಹಿಡಿದವಳೆಂದು ನನ್ನ ಹೆಸರು.

ಈಗ ನಾನೂ ಕಲಿಸುತ್ತೇನೆ. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಲೇಖನದಲ್ಲಿ ಒಂದು ಗಲತಿ ಇದೆ" ಎಂದಳು. ಸುಳ್ಳೇಕೆ, ಸಿಟ್ಟು ನೆತ್ತಿಗೇರಿತು.

"ಯಾವಾಗ ಗೊತ್ತಾಯ್ತು?" ಎಂದೆ.

"ಈಗಷ್ಟೇ. ಲೈಬ್ರರಿಯಿಂದ ಓಡ್ಕೊಂಡೇ ಬಂದೆ."

ಕುರ್ಚಿ ಎಳೆದು ಅವಳಿಗೆ ಕೊಟ್ಟೆ.